ಅಗಲದ ಟಯರ್ ಹಾಕಿಸುವ ಮೊದಲು

ಮಂಗಳೂರು

ಚಿ. ನಿಖಿಲ್‌ಗೆ ಮಾವನ ಆಶೀರ್ವಾದಗಳು.

ಇಲ್ಲಿ ಎಲ್ಲರೂ ಆರಾಮ. ನೀನು ಕಾರಿಗೆ 205/65 R15 ಟಯರ್ ಹಾಕಿಸಲು ಹೊರಟಿದ್ದೀ ಅಂತ ಅಮ್ಮ ಫೋನಲ್ಲಿ ಹೇಳಿದಳು. ರಿಮ್ ಕಂಪನಿಯದ್ದೇ, ಟಯರ್ ಮಾತ್ರ ಅಗಲದ್ದು, ಹಿಡಿತ ಜಾಸ್ತಿ ಇರುವಂಥದ್ದು. ಮಣಿಪಾಲದ ಅಂಗಡಿಯವರು ಆರಾಮಾಗಿ ಕೂರುತ್ತದೆ ಎಂದರಂತೆ. ಕೂರುವುದೇನೋ ಕೂರುತ್ತದೆ ಮಾರಾಯ. ಕೂತ ಮೇಲೆ ಕಾರು ಹೇಗೆ ಓಡುತ್ತದೆ ಎನ್ನುವುದು ಬೇರೆ ವಿಷಯ. ಅಡ್ವಾನ್ಸ್ ಕೊಡುವ ಮೊದಲು ಇದನ್ನು ಪೂರ್ತಿ ಓದು.

ಮೊದಲು ಅಳತೆ ನೋಡುವ. ನಿನ್ನ ಕಾರಿಗೆ ಬಂದದ್ದು 185/65 R15. 185 ಅಂದರೆ ಅಗಲ, ಮಿಲಿಮೀಟರಿನಲ್ಲಿ. 65 ಅಂದರೆ ಟಯರಿನ ಪಕ್ಕದ ಗೋಡೆ ಆ ಅಗಲದ ನೂರಕ್ಕೆ 65ರಷ್ಟು ಎತ್ತರ. R15ರ 15 ಅಂದರೆ ರಿಮ್ಮಿನ ವ್ಯಾಸ, ಇಂಚಿನಲ್ಲಿ. ಹಾಗಾಗಿ ಅಗಲ ಹೆಚ್ಚಿಸಿ 65 ಅನ್ನು ಹಾಗೇ ಬಿಟ್ಟರೆ ಎತ್ತರವೂ ತಾನಾಗಿ ಏರುತ್ತದೆ. ಈಗಿನ ಚಕ್ರ ನೆಲದಿಂದ ತುದಿಯವರೆಗೆ ಸುಮಾರು 621 ಮಿ.ಮೀ. ನೀನು ಹೇಳುವುದು 647. ಅದು ಇನ್ನೋವಾಕ್ಕೆ ಬರುತ್ತಿದ್ದ ಟಯರ್! ಸ್ಪೀಡೋಮೀಟರ್ 80 ತೋರಿಸುವಾಗ ಕಾರು 83ರಲ್ಲಿ ಓಡುತ್ತಿರುತ್ತದೆ. ಪಿಕಪ್ ಮಂದವಾಗುತ್ತದೆ. ಇಂದ್ರಾಳಿಯಿಂದ ಮಣಿಪಾಲಕ್ಕೆ ಏರುವಾಗ ಮೂರನೇ ಗೇರಿನಲ್ಲಿ ಹೋಗುತ್ತಿದ್ದ ಕಡೆ ಎರಡಕ್ಕೆ ಇಳಿಯಬೇಕಾಗುತ್ತದೆ. ಮೈಲೇಜೂ ಕಡಿಮೆ.

ಇನ್ನು ರಿಮ್. ಒಂದು ಚಕ್ರ ಬಿಚ್ಚಿ ರಿಮ್ಮಿನ ಒಳಬದಿ ಬಟ್ಟೆಯಿಂದ ಒರೆಸು. ಬ್ರೇಕಿನ ಕಪ್ಪು ಪುಡಿಯ ಕೆಳಗೆ 15 x 5.5J ಅಂತಲೋ 15 x 5J ಅಂತಲೋ ಅಚ್ಚೊತ್ತಿರುತ್ತದೆ. 5 ಅಥವಾ 5.5 ಎನ್ನುವುದು ರಿಮ್ಮಿನ ಅಗಲ, ಇಂಚಿನಲ್ಲಿ. ಯಾವ ಟಯರಿಗೆ ಎಷ್ಟರಿಂದ ಎಷ್ಟರವರೆಗಿನ ರಿಮ್ ಆಗುತ್ತದೆ ಅಂತ ಟಯರ್ ಕಂಪನಿಗಳೇ ಹೇಳಿರುತ್ತವೆ. 185/65ಕ್ಕೆ 5ರಿಂದ 6.5. 195/60ಕ್ಕೆ 5.5ರಿಂದ 7. 205ಕ್ಕೂ ಶುರುವಾಗುವುದು 5.5ರಿಂದಲೇ, ಆದರೆ ಅದು ಕಟ್ಟಕಡೆಯ ಅಂಚು. ನಿನ್ನದು 5 ಆಗಿದ್ದರೆ 195ನ್ನೂ ಮರೆತುಬಿಡು.

ಅಂಗಡಿಯ ಮೆಶಿನಿಗೆ ಇದೆಲ್ಲ ಗೊತ್ತಿಲ್ಲ. ಗಾಳಿ ಒತ್ತಿದರೆ ಬೀಡ್, ಅಂದರೆ ರಿಮ್ಮಿಗೆ ಕೂರುವ ಟಯರಿನ ಒಳ ಅಂಚು, ಟಪ್ಪೆಂದು ಕೂತುಬಿಡುತ್ತದೆ. ಅಗಲ ಕಡಿಮೆ ಇರುವ ರಿಮ್ಮಿನಲ್ಲಿ ಅಗಲದ ಟಯರಿನ ಎರಡೂ ಗೋಡೆಗಳು ಒಳಕ್ಕೆ ಎಳೆದುಕೊಂಡು ಹೊಟ್ಟೆ ಉಬ್ಬಿಸಿ ನಿಲ್ಲುತ್ತವೆ. ಸ್ಟಿಯರಿಂಗ್ ತಿರುಗಿಸಿದಾಗ ಮೊದಲು ರಿಮ್ ತಿರುಗುತ್ತದೆ, ಆಮೇಲೆ ಗೋಡೆ ಬಾಗುತ್ತದೆ, ಕೊನೆಗೆ ರಸ್ತೆ ಹಿಡಿದ ಭಾಗ ತಿರುಗುತ್ತದೆ. ಕಾರು ತಿರುವಿನಲ್ಲಿ ಚುರುಕಾಗಲಿ ಅಂತಲ್ವಾ ನೀನು ಹಣ ಹಾಕುವುದು? ಆಗುವುದು ತದ್ವಿರುದ್ಧ. ಟಯರ್ ನಡುವಿನಲ್ಲೇ ಜಾಸ್ತಿ ಸವೆಯುತ್ತದೆ ಕೂಡ.

ಉಜ್ಜುವ ಸಮಸ್ಯೆ ಅಂಗಡಿಯ ಮುಂದೆ ಗೊತ್ತಾಗುವುದಿಲ್ಲ. ಕಾರು ಖಾಲಿ, ಚಕ್ರ ನೇರ, ಎಲ್ಲ ಸರಿ ಕಾಣುತ್ತದೆ. ಹಿಂದೆ ಮೂವರನ್ನು ಕೂರಿಸಿ, ಸ್ಟಿಯರಿಂಗ್ ಪೂರ್ತಿ ತಿರುಗಿಸಿ, ಒಂದು ಹಂಪ್ ಇಳಿಸಿ ನೋಡು. ಆಗ ಕರ್ ಅಂತ ಕೇಳುತ್ತದೆ. ನಮ್ಮ ವರ್ಕ್‌ಶಾಪಿಗೆ ಹೀಗೊಂದು ಕಾರು ಬಂದಿತ್ತು. ಮಡ್ಗಾರ್ಡಿನ ಒಳಗಿನ ಪ್ಲಾಸ್ಟಿಕ್ ಲೈನರ್ ಒಂದು ಕಡೆ ಕನ್ನಡಿಯ ಹಾಗೆ ಹೊಳೆಯುತ್ತಿತ್ತು, ಅದರ ಎರಡು ಕ್ಲಿಪ್ ಕಿತ್ತುಹೋಗಿದ್ದವು. ಅದಕ್ಕಿಂತ ಹೆದರಿಕೆ ಒಳಬದಿಯದ್ದು. ಟಯರಿಗೂ ಮುಂದಿನ ಸ್ಟ್ರಟ್ಟಿಗೂ (ಚಕ್ರದ ಒಳಬದಿಯ ಸಸ್ಪೆನ್ಷನ್ ಕಂಬ) ನಡುವೆ ಎಷ್ಟು ಜಾಗ ಉಂಟು ಅಂತ ಬೆರಳು ಹಾಕಿ ನೋಡು. ಅಗಲ ಹೆಚ್ಚಿದ ಮೇಲೆ ಅದರಲ್ಲಿ ಸುಮಾರು ಒಂದು ಸೆಂಟಿಮೀಟರ್ ಹೋಗುತ್ತದೆ.

ಇಷ್ಟೆಲ್ಲ ಬರೆದದ್ದು ಆಮೇಲಿನ ಮಾತು ಹೇಳಲಿಕ್ಕೆ. ನನಗೆ ನಿಜವಾಗಿ ಚಿಂತೆ ಇರುವುದು ಮಳೆಯದ್ದು.

ಅಗಲ ಜಾಸ್ತಿಯಾದರೆ ಜಾಸ್ತಿ ರಬ್ಬರ್ ರಸ್ತೆ ಹಿಡಿಯುತ್ತದೆ ಅಂತ ಎಲ್ಲರೂ ಅಂದುಕೊಳ್ಳುತ್ತಾರೆ. ಕಾರಿನ ಭಾರವನ್ನು ಹೊರುವುದು ಟಯರಿನೊಳಗಿನ ಗಾಳಿ. ಜನ ಕೂತ ಮೇಲೆ ಒಂದು ಚಕ್ರದ ಮೇಲೆ 300 ಕಿಲೋ ಬಿತ್ತು ಅಂತಿಟ್ಟುಕೋ. ಗಾಳಿ 33 ಪಿಎಸ್‌ಐ, ಅಂದರೆ ಚದರ ಸೆಂಟಿಮೀಟರಿಗೆ ಸುಮಾರು 2.3 ಕಿಲೋ. ಭಾಗಿಸಿದರೆ 130 ಚದರ ಸೆಂಟಿಮೀಟರ್ ಬರುತ್ತದೆ. ಬೆರಳೂ ಸೇರಿ ಒಂದು ಅಂಗೈಯಷ್ಟು ಜಾಗ. ಟಯರ್ 185 ಆಗಲಿ 205 ಆಗಲಿ, ಗಾಳಿ ಅಷ್ಟೇ ಇದ್ದರೆ ಈ ಜಾಗ ಹೆಚ್ಚುಕಡಿಮೆ ಅಷ್ಟೇ. ಬದಲಾಗುವುದು ಅದರ ಆಕಾರ. ಅಗಲದ ಟಯರಿನಲ್ಲಿ ಅದು ಅಡ್ಡಕ್ಕೆ ಹಿಗ್ಗಿ ಉದ್ದಕ್ಕೆ ಕುಗ್ಗುತ್ತದೆ. ಒಣಗಿದ ರಸ್ತೆಯ ತಿರುವಿನಲ್ಲಿ ಅದರಿಂದ ಸ್ವಲ್ಪ ಲಾಭ ಉಂಟು, ಇಲ್ಲ ಅನ್ನುವುದಿಲ್ಲ. ನೀರಿನಲ್ಲಿ ನಷ್ಟ. ಮುಂದೆ ಸಿಗುವ ನೀರನ್ನು ಅಗಲದ ಟಯರ್ ಹೆಚ್ಚು ದೂರ ಪಕ್ಕಕ್ಕೆ ತಳ್ಳಬೇಕು, ಅದಕ್ಕೆ ಸಿಗುವ ಸಮಯವೂ ಕಡಿಮೆ. ತಳ್ಳಲು ಆಗದಿದ್ದಾಗ ಟಯರ್ ನೀರಿನ ಮೇಲೆ ತೇಲುತ್ತದೆ. ಆಗ ಸ್ಟಿಯರಿಂಗ್ ಹಗುರಾಗುತ್ತದೆ, ಬ್ರೇಕ್ ಇದ್ದೂ ಇಲ್ಲದ ಹಾಗೆ.

ನಮ್ಮೂರಿನಲ್ಲಿ ವರ್ಷಕ್ಕೆ 3,500 ಮಿ.ಮೀ.ಗೂ ಜಾಸ್ತಿ ಮಳೆ ಬೀಳುತ್ತದೆ, ಅದರಲ್ಲಿ ಹೆಚ್ಚಿನದು ಜೂನಿನಿಂದ ಸೆಪ್ಟೆಂಬರ್ ಒಳಗೆ. ನೀನು ರಾತ್ರಿ ಡ್ಯೂಟಿ ಮುಗಿಸಿ ಕಾಪು, ಪಡುಬಿದ್ರಿ, ಮೂಲ್ಕಿ ದಾಟಿ ಹೈವೇ 66ರಲ್ಲಿ ಬರುವವನು. ಎದುರಿನ ಲೈಟಿಗೆ ರಸ್ತೆ ಮೇಲಿನ ನೀರು ಕಾಣುವುದೇ ಇಲ್ಲ. ಆ ಹೊತ್ತಿಗೆ ನಿನ್ನನ್ನು ಕಾಪಾಡುವುದು ಆಳವಾದ ಗೆರೆಗಳು, ಒಳ್ಳೆಯ ರಬ್ಬರ್, ಸರಿಯಾದ ಗಾಳಿ. ಮತ್ತೆ, ಆಕ್ಸಿಲರೇಟರಿನಿಂದ ಕಾಲು ತೆಗೆಯುವ ಬುದ್ಧಿ. ಗೆರೆಯ ನಡುವಿನ ಗುರುತಿನ ಮಟ್ಟಕ್ಕೆ, ಅಂದರೆ 1.6 ಮಿ.ಮೀ.ಗೆ ಟಯರ್ ಸವೆಯುವವರೆಗೆ ಕಾಯಬೇಡ. ಮಳೆಗಾಲಕ್ಕೆ 3 ಮಿ.ಮೀ. ಆದರೂ ಇರಲಿ.

ಹಾಗಾದರೆ ಏನು ಮಾಡುವುದು? ನನ್ನನ್ನು ಕೇಳಿದರೆ 185/65ರಲ್ಲೇ ಒಂದು ಒಳ್ಳೆಯ ಟಯರ್ ಹಾಕಿಸು. ಒದ್ದೆ ರಸ್ತೆಯ ಹಿಡಿತಕ್ಕೆ ಹೆಸರಿರುವ ಟಯರ್ ಈ ಅಳತೆಯಲ್ಲೂ ಸಿಗುತ್ತದೆ. ನಿನಗೆ ಬೇಕಾದ ಹಿಡಿತ ಬರುವುದು ರಬ್ಬರಿನಿಂದ. ಆಸೆ ತಡೆಯುವುದಿಲ್ಲ ಎಂದಾದರೆ, ರಿಮ್ 5.5 ಇದ್ದರೆ ಮಾತ್ರ, 195/60 R15. ಅದರ ಎತ್ತರ 615 ಮಿ.ಮೀ., ಸ್ಪೀಡೋಮೀಟರಿನಲ್ಲಿ ವ್ಯತ್ಯಾಸ ನೂರಕ್ಕೆ ಒಂದರಷ್ಟು. ಹಾಕಿಸಿದರೆ ನಾಲ್ಕೂ ಒಟ್ಟಿಗೆ ಹಾಕಿಸು. ಎರಡು ಹಾಗೆ ಎರಡು ಹೀಗೆ ಬೇಡ, ಬ್ರೇಕ್ ಒತ್ತಿದಾಗ ಚಕ್ರ ಜಾಮ್ ಆಗದ ಹಾಗೆ ನೋಡಿಕೊಳ್ಳುವ ಎಬಿಎಸ್ ನಾಲ್ಕೂ ಚಕ್ರದ ವೇಗವನ್ನು ಹೋಲಿಸಿ ಕೆಲಸ ಮಾಡುತ್ತದೆ. ಸ್ಟೆಪ್ನಿ ಹಳೆಯ ಅಳತೆಯದ್ದೇ ಇರಲಿ, ಆದರೆ ಅದನ್ನು ಪಂಕ್ಚರ್ ಅಂಗಡಿಯವರೆಗೆ ಹೋಗಲು ಮಾತ್ರ ಬಳಸು. ಮೆತ್ತನೆಯ ರಬ್ಬರ್ ಬೇಗ ಸವೆಯುತ್ತದೆ, ಅದಕ್ಕೂ ತಯಾರಿರು.

ಅಳತೆಯ ಪಕ್ಕ 88H ಅಂತ ಇರುತ್ತದೆ. 88 ಎಂದರೆ ಒಂದು ಟಯರ್ 560 ಕಿಲೋ ಹೊರಬಲ್ಲದು, H ಎನ್ನುವುದು ವೇಗದ ಮಿತಿಯ ಗುರುತು. ಬಾಗಿಲ ಕಂಬದ ಸ್ಟಿಕರಿನಲ್ಲೋ ಕಾರಿನ ಪುಸ್ತಕದಲ್ಲೋ ಕೊಟ್ಟ ನಂಬರಿಗಿಂತ ಕೆಳಗೆ ಇಳಿಯಬೇಡ, ಎಷ್ಟು ಡಿಸ್ಕೌಂಟ್ ಕೊಟ್ಟರೂ. ಟಯರಿನ ಪಕ್ಕದಲ್ಲಿ ನಾಲ್ಕು ಅಂಕಿಯ ತಯಾರಿ ದಿನಾಂಕವನ್ನೂ ನೋಡು. 2325 ಎಂದರೆ 2025ರ 23ನೇ ವಾರ. ಹಳೆಯ ಸ್ಟಾಕ್ ದಾಟಿಸಲು ನೋಡಿದರೆ ಬೇರೆ ಕೊಡಿ ಎಂದು ಧೈರ್ಯವಾಗಿ ಕೇಳು. ಅಲೈನ್‌ಮೆಂಟ್, ಬ್ಯಾಲೆನ್ಸಿಂಗ್ ಅವತ್ತೇ ಮಾಡಿಸು.

ರಿಮ್ಮಿನ ಒಳಗಿನ ನಂಬರಿನ ಫೋಟೋ ತೆಗೆದು ನನಗೆ ಕಳಿಸು. ಅದನ್ನು ನೋಡಿ ನಾನೇ ಅಂಗಡಿಗೆ ಫೋನ್ ಮಾಡುತ್ತೇನೆ. ಅಲ್ಲಿಯವರೆಗೆ ಅಡ್ವಾನ್ಸ್ ಕೊಡಬೇಡ.

ಇಂತು,
ನಿನ್ನ ಪ್ರೀತಿಯ ಮಾವ