ಹಳಹಳಿಗೂ ಒಂದು ಕೆಲಸ ಹಚ್ಚು

ಕಲಬುರಗಿ

ಚಿ. ಬಸವರಾಜನಿಗೆ ನಿನ್ನ ಸೋದರತ್ತಿಯ ಆಶೀರ್ವಾದಗಳು.

ಪುಣೆಯಿಂದ ನೀನು ಬರೆದ ಪತ್ರ ಮುಟ್ಟಿತು. ನಿಮ್ಮಪ್ಪ ಬೆಳಗಾದರೆ ಹಳೇ ಊರಿನ ಮಾತೇ ತೆಗೆಯುತ್ತಾರೆ, ನಲವತ್ತಾರಕ್ಕೇ ನನಗೂ ಅದೇ ಕಳವಳ ಶುರುವಾಗಿದೆ, ಇದೇನು ರೋಗವೇ ಎಂದು ಕೇಳಿದ್ದೀಯ. ರೋಗ ಅಲ್ಲ ತಮ್ಮಾ. ಒಂದು ಕಾಲಕ್ಕೆ ರೋಗವೆಂದೇ ತಿಳಿದಿದ್ದರು. 1688ರಲ್ಲಿ ಯೋಹಾನೆಸ್ ಹೋಫರ್ ಎಂಬಾತ ಬಾಸೆಲ್‌ನಲ್ಲಿ ವೈದ್ಯಕೀಯ ಪ್ರಬಂಧ ಬರೆದು, ಊರು ಬಿಟ್ಟವರು ಊರು ನೆನೆದು ಕೊರಗುವುದಕ್ಕೆ ನಾಸ್ಟಾಲ್ಜಿಯಾ ಎಂದು ಹೆಸರಿಟ್ಟ. ಮನೆಗೆ ಮರಳುವುದು, ನೋವು ಎನ್ನುವ ಎರಡು ಗ್ರೀಕ್ ಮಾತು ಕೂಡಿಸಿದ ಹೆಸರು ಅದು. ಮುಪ್ಪಿನಲ್ಲಿ ಹಿಂದಿನದನ್ನು ಮೆಲುಕು ಹಾಕುವುದು ಅರಳುಮರಳಿನ ಗುರುತು ಎಂದು ವೈದ್ಯರು ನಂಬಿದ್ದ ಕಾಲವೂ ಇತ್ತು. 1963ರಲ್ಲಿ ರಾಬರ್ಟ್ ಬಟ್ಲರ್ ಎಂಬ ಅಮೆರಿಕದ ಮನೋವೈದ್ಯರು, ಅದು ಬಾಳಿನ ಲೆಕ್ಕ ಒಪ್ಪ ಮಾಡಿಕೊಳ್ಳುವ ಸಹಜ ಕೆಲಸ ಎಂದು ಬರೆದರು. ನಮ್ಮ ಕಡೆ ಇದಕ್ಕೆ ಹಳಹಳಿ ಅನ್ನುತ್ತೇವೆ. ಅದನ್ನು ಗದರಿಸಿ ಓಡಿಸಬೇಡ, ತಲೆ ಮೇಲೂ ಕೂಡಿಸಿಕೊಳ್ಳಬೇಡ. ಅದಕ್ಕೊಂದು ಕೆಲಸ ಹಚ್ಚು.

ಮುದುಕರು ಯಾಕೆ ಬರೇ ಹರೆಯದ ಮಾತು ಆಡುತ್ತಾರೆ ಎಂದರೆ, ಸುಮಾರು ಹತ್ತರಿಂದ ಮೂವತ್ತು ವರ್ಷದ ನಡುವಿನ ನೆನಪು ಎಲ್ಲರಲ್ಲೂ ದಟ್ಟವಾಗಿ ಉಳಿಯುತ್ತದೆ. ಮೊದಲ ಶಾಲೆ, ಮೊದಲ ಪಗಾರ, ಮದುವೆ, ಮೊದಲ ಕೂಸು, ಎಲ್ಲ ಹೊಸದೂ ಆ ಅವಧಿಯಲ್ಲೇ ಆಗಿರುತ್ತದೆ. ಆಮೇಲಿನ ವರ್ಷಗಳು ಒಂದರಂತೆ ಇನ್ನೊಂದು ಇರುವುದರಿಂದ ಕಲಸಿಹೋಗುತ್ತವೆ. ಹಾಗಾಗಿ ನಿಮ್ಮಪ್ಪನಿಗೆ ಈಗಿನ ದಿನದ ಮೇಲೆ ಸಿಟ್ಟು ಎಂದು ತಿಳಿಯಬೇಡ.

ಮೊದಲು ಅವರ ಮಾತು ಫೋನಿನಲ್ಲಿ ರೆಕಾರ್ಡ್ ಮಾಡಿ ಹಿಡಿದಿಡು. ಬೆಳಿಗ್ಗೆ ನಾಷ್ಟಾ ಆದಮೇಲೆ ಕೂಡು, ರಾತ್ರಿ ಬೇಡ. ದಣಿದ ತಲೆಗೆ ಹೆಸರು ಹತ್ತುವುದಿಲ್ಲ, ಹತ್ತದಿದ್ದರೆ ಸಿಡಿಮಿಡಿ ಬರುತ್ತದೆ. ಅರ್ಧ ತಾಸು ಸಾಕು. ಫ್ಯಾನಿನ ಸಪ್ಪಳ ಮಾತನ್ನು ನುಂಗುತ್ತದೆ, ಆರಿಸು. ಫೋನನ್ನು ಮಡಚಿದ ಟವೆಲ್ ಮೇಲೆ, ಅವರಿಂದ ಎರಡು ಗೇಣು ದೂರ ಇಡು; ಬರೀ ಟೇಬಲ್ ಮೇಲಿಟ್ಟರೆ ಲೋಟ ಇಟ್ಟ ಸದ್ದೂ ಗುಡುಗಿನಂತೆ ಬೀಳುತ್ತದೆ. ಕರೆ ಬರದಂತೆ ಏರೋಪ್ಲೇನ್ ಮೋಡ್ ಹಾಕು.

'ನಿಮ್ಮ ಬಾಲ್ಯ ಹೇಗಿತ್ತು' ಎಂದು ಕೇಳಬೇಡ, 'ಚಲೋ ಇತ್ತು' ಎಂದು ಮುಗಿಸಿಬಿಡುತ್ತಾರೆ. ಒಲೆ ಯಾವ ದಿಕ್ಕಿಗೆ ಇತ್ತು, ಕಟ್ಟೆ ಮೇಲೆ ಸಂಜೆ ಯಾರು ಯಾರು ಕೂಡುತ್ತಿದ್ದರು, ಎತ್ತಿನ ಹೆಸರು ಏನು, ಹೀಗೆ ಕೈಗೆ ಸಿಗುವ ಪ್ರಶ್ನೆ ಕೇಳು. ಕೇಳಿದ ಮೇಲೆ ಮನಸ್ಸಿನಲ್ಲಿ ಹತ್ತರವರೆಗೆ ಎಣಿಸು. ಆ ಮೌನದಲ್ಲೇ ನಿಜವಾದ ಮಾತು ಮೇಲೆ ಬರುತ್ತದೆ, ಅವಸರ ಮಾಡಿದವರಿಗೆ ಅದು ಸಿಗುವುದಿಲ್ಲ.

ಇಸವಿ ತಪ್ಪಿದರೆ ನಡುವೆ ತಿದ್ದಬೇಡ. ನಮ್ಮ ಭಾಗದಲ್ಲಿ ಎಲ್ಲರಿಗೂ ಗೊತ್ತಿರುವ ಗೂಟಗಳಿವೆ, ಅವಕ್ಕೆ ಕಟ್ಟಿ ಕೇಳು: ಕಲಬುರಗಿ, ಬೀದರ್ ಮೈಸೂರು ರಾಜ್ಯಕ್ಕೆ ಸೇರಿದ 1956ಕ್ಕೆ ಮೊದಲೋ ಆಮೇಲೋ? 1972ರ ಬರಕ್ಕಿಂತ ಹಿಂದೋ ಮುಂದೋ? 1993ರ ಸೆಪ್ಟೆಂಬರ್ 30ರ ನಸುಕಿನಲ್ಲಿ ಮಹಾರಾಷ್ಟ್ರದ ಕಿಲ್ಲಾರಿಯಲ್ಲಿ ಭೂಕಂಪ ಆದಾಗ ಈ ಕೂಸು ಹುಟ್ಟಿತ್ತೋ? ಇಷ್ಟರಲ್ಲಿ ವರ್ಷ ತಾನೇ ಹೊರಗೆ ಬೀಳುತ್ತದೆ. ಇನ್ನೊಂದು ಮುಖ್ಯ: ಕಂಡದ್ದು ಬೇರೆ, ಕೇಳಿದ್ದು ಬೇರೆ ಬರೆದಿಡು. ನಿಜಾಮನ ಪರ ನಿಂತ ರಜಾಕಾರ ಪಡೆಯವರ ಕಾಲದ ಮಾತು ಬಂದರೆ, 1948ಕ್ಕೆ ನಿಮ್ಮಪ್ಪ ಇನ್ನೂ ತೊಟ್ಟಿಲ ಕೂಸು. ಅವರು ಹೇಳುವುದು ನಿಮ್ಮ ಆಯಿಯ ಬಾಯಿಂದ ಕೇಳಿದ್ದು. ಅದಕ್ಕೂ ಬೆಲೆ ಇದೆ, ಆದರೆ ಆಯಿಯ ಹೆಸರಿನಲ್ಲೇ ಇರಲಿ. ಮಾತಾಡುತ್ತ ಕಣ್ಣೀರು ಬಂದರೆ ವಿಷಯ ಬದಲಿಸಬೇಡ. ಕೈ ಹಿಡಿದು ಸುಮ್ಮನೆ ಕೂಡು, ನೀರು ಕೊಡು.

ಫೋಟೋಗಳ ಕೆಲಸ ಇನ್ನೂ ಸೂಕ್ಷ್ಮ. ಇಲ್ಲಿನ ಟ್ರಂಕಿನಲ್ಲಿರುವ ಆಲ್ಬಂಗಳು ಅಂಟುಹಾಳೆಯ ಮೇಲೆ ಪ್ಲಾಸ್ಟಿಕ್ ಹೊದಿಸಿದಂಥವು. ಆ ಅಂಟು ವರ್ಷ ಕಳೆದಂತೆ ಹಳದಿಯಾಗಿ ಫೋಟೋದ ಬೆನ್ನನ್ನು ಕಚ್ಚಿ ಹಿಡಿಯುತ್ತದೆ. ಉಗುರಿನಿಂದ ಎಬ್ಬಿಸಿದರೆ ಮೂಲೆ ಹರಿಯುತ್ತದೆ, ಇಲ್ಲವೇ ಫೋಟೋ ಬಾಗಿ ಮುಖದ ಮೇಲೆ ಬಿರುಕು ಬೀಳುತ್ತದೆ. ಹಲ್ಲಿನ ಸಂದಿಗೆ ಹಾಕುವ ತೆಳು ದಾರ ಸಿಗುತ್ತದಲ್ಲ, ಒಂದು ಮೊಳ ತೆಗೆದು ಎರಡೂ ತುದಿ ಬೆರಳಿಗೆ ಸುತ್ತಿ, ಒಂದು ಮೂಲೆಯಿಂದ ಫೋಟೋದ ಅಡಿಗೆ ಗರಗಸದಂತೆ ಮೆಲ್ಲಗೆ ಎಳೆಯುತ್ತ ಹೋಗು. ಬರದಿದ್ದರೆ ಹಟ ಬೇಡ. ಹಾಳೆ ಸಮೇತ ಹಾಗೇ ಬಿಟ್ಟು ಮೇಲಿನಿಂದಲೇ ಚಿತ್ರ ತೆಗೆದುಕೋ. ಗಾಜಿಗೆ ಅಂಟಿದ್ದನ್ನಂತೂ ಮುಟ್ಟಲೇಬೇಡ.

ಸ್ಕ್ಯಾನ್ ಮಾಡಿಸುವುದಾದರೆ ಅಂಗೈ ಅಗಲದ ಫೋಟೋಕ್ಕೆ 600 ಡಿಪಿಐ (ಇಂಚಿಗೆ ಇಷ್ಟು ಚುಕ್ಕೆ ಎನ್ನುವ ಅಳತೆ) ಇಡಲು ಹೇಳು, ಮುಂದೆ ದೊಡ್ಡದು ಮಾಡಿದರೂ ಮುಖ ಒಡೆಯುವುದಿಲ್ಲ. ಫೋನಿನಲ್ಲಿ ತೆಗೆಯುವುದಾದರೆ ಪಡಸಾಲೆಯ ನೆರಳು ಬೆಳಕಿನಲ್ಲಿ, ಫ್ಲ್ಯಾಶ್ ಇಲ್ಲದೆ, ಫೋನನ್ನು ಫೋಟೋಕ್ಕೆ ಸಮನಾಗಿ ಹಿಡಿ. ಬೆನ್ನ ಮೇಲೆ ಬಾಲ್‌ಪೆನ್ನಿನಿಂದ ಬರೆಯಬೇಡ, ಗೆರೆ ಮುಂದಕ್ಕೆ ಉಬ್ಬುತ್ತದೆ, ಮಸಿಯೂ ಪಕ್ಕದ ಫೋಟೋಕ್ಕೆ ಹತ್ತುತ್ತದೆ. ಮೆತ್ತನೆಯ ಪೆನ್ಸಿಲ್ಲಿನಿಂದ ಎಡದಿಂದ ಬಲಕ್ಕೆ ಯಾರು ಯಾರು, ಯಾವ ಊರು, ಯಾವ ಕಾರ್ಯ ಎಂದು ಬರೆ. 'ಅಜ್ಜ', 'ಕಾಕಾ' ಎಂದು ಬರೆದರೆ ನಿನ್ನ ಮೊಮ್ಮಗನಿಗೆ ಯಾವ ಕಾಕಾ ಎಂದು ತಿಳಿಯುವುದಿಲ್ಲ. ಪೂರ್ತಿ ಹೆಸರು ಬರೆ. ಲ್ಯಾಮಿನೇಷನ್ ಮಾಡಿಸಬೇಡ, ಬಿಸಿಗೆ ಹಾಳಾಗುತ್ತದೆ, ಮತ್ತೆ ಬಿಚ್ಚಲೂ ಬರುವುದಿಲ್ಲ. ತಗಡಿನ ಕೆಳಗಿನ ಅಟ್ಟದ ಮೇಲೂ ಇಡಬೇಡ. ನಮ್ಮ ಮೇ ತಿಂಗಳ ಬಿಸಿಲು ನಿನಗೆ ಗೊತ್ತೇ ಇದೆ.

ಇನ್ನು ರೊಟ್ಟಿಯ ಮಾತು. 'ಅವ್ವನ ಕೈಯ ರುಚಿ ಪುಣೆಯಲ್ಲಿ ಬರುವುದಿಲ್ಲ' ಎಂದು ಬರೆದಿದ್ದೀಯ. ವಾಸನೆ, ರುಚಿ ನೆನಪನ್ನು ತಟ್ಟನೆ ಎಬ್ಬಿಸುವುದು ನಿಜ. ವಾಸನೆಯ ನರ ಭಾವನೆ ಮತ್ತು ನೆನಪಿನ ಜಾಗಗಳಿಗೆ ಮಿದುಳಿನಲ್ಲಿ ನೆಟ್ಟಗೆ ಹೋಗಿ ಸೇರುತ್ತದೆ. ಆದರೆ ನಿನ್ನ ಹಳಹಳಿಯಲ್ಲಿ ಅರ್ಧ ಬರೇ ಹಳೇ ಹಿಟ್ಟಿನ ತಪ್ಪು ತಮ್ಮಾ. ಗೋಧಿಗೆ ಇರುವಂತೆ ಜೋಳಕ್ಕೆ ತನ್ನದೇ ಅಂಟು ಇಲ್ಲ. ಕುದಿಯುವ ಎಸರು ಬಿದ್ದಾಗ ಹಿಟ್ಟು ಅರೆಬೆಂದು ಜಿಗಿ ಬರುತ್ತದೆ. ತಿಂಗಳುಗಟ್ಟಲೆ ಪೊಟ್ಟಣದಲ್ಲಿದ್ದ ಹಿಟ್ಟಿಗೆ ಜಿಗಿಯೂ ಇಲ್ಲ, ಸಿಹಿಯೂ ಇಲ್ಲ, ಕಹಿ ಬೇರೆ. ಮಾಲ್ದಂಡಿ ಜೋಳ ಕಾಳಾಗಿಯೇ ಒಯ್ಯಿ, ವಾರಕ್ಕೆ ಬೇಕಾದಷ್ಟೇ ಗಿರಣಿಗೆ ಹಾಕಿಸು. ಒಂದು ಬಟ್ಟಲು ಹಿಟ್ಟಿಗೆ ಸುಮಾರು ಮುಕ್ಕಾಲು ಬಟ್ಟಲು ನೀರು, ಚಿಟಿಕೆ ಉಪ್ಪು. ನೀರು ಬರೀ ಬೆಚ್ಚಗಾದರೆ ಸಾಲದು, ಮರಳಬೇಕು. ಕೈ ತಾಳುವಷ್ಟು ಬಿಸಿ ಇರುವಾಗಲೇ ಅಂಗೈಯಿಂದ ಐದು ನಿಮಿಷ ನಾದು. ಹಂಚಿಗೆ ಹಾಕಿದ ಕೂಡಲೇ ಮೇಲೆ ಒದ್ದೆ ಬಟ್ಟೆ ಸವರು, ಆ ಪಸೆ ಪೂರ್ತಿ ಆರುವ ಮೊದಲು ಮಗುಚು. ಆರಿದರೆ ಸೀಳುತ್ತದೆ.

ಅವ್ವನ ಅಡುಗೆಯ ಅಳತೆ ಕೇಳಿದರೆ 'ಅಂದಾಜಿಗೆ ಹಾಕು' ಎನ್ನುತ್ತಾಳೆ. ಅವಳನ್ನು ತಡೆದು ತಡೆದು ಕೇಳಬೇಡ, ಕೈ ಲಯ ತಪ್ಪುತ್ತದೆ. ಮೊದಲೇ ಹಿಟ್ಟಿನ ಡಬ್ಬಿ, ಖಾರದ ಡಬ್ಬಿ, ಎಣ್ಣೆ ಬಾಟಲಿ ತೂಗಿ ಬರೆದುಕೋ, ಅಡುಗೆ ಆದಮೇಲೆ ಮತ್ತೆ ತೂಗು. ಕಡಿಮೆಯಾದದ್ದೇ ಅಳತೆ. ಎಳ್ಳಮಾವಾಸ್ಯೆಯ ಭಜ್ಜಿಯನ್ನು ಹೀಗೇ ಬರೆದಿಡು. ಅದರಲ್ಲಿ ಯಾವ ಸೊಪ್ಪು, ಯಾವ ಕಾಳು ಮೊದಲು ಬೇಯಬೇಕು ಎನ್ನುವುದು ಅವಳ ಕೈಗಷ್ಟೇ ಗೊತ್ತು.

ಊರಿನ ಮಾಳಿಗೆ ಮನೆ ಮತ್ತೆ ಕೊಳ್ಳುವ ನಿನ್ನ ಯೋಚನೆಯನ್ನು ಒಂದು ವರ್ಷ ತಡೆ. ಮಣ್ಣಿನ ಮಾಳಿಗೆಗೆ ಮಳೆಗಾಲದ ಮುಂಚೆ ವರ್ಷವರ್ಷ ಮಣ್ಣು ಹಾಕಿಸಬೇಕು, ಜನ ಇಲ್ಲದ ಮನೆಗೆ ಗೆದ್ದಲು ಬೇಗ. ಮೊದಲು ಮೇ ತಿಂಗಳಲ್ಲಿ ಕೂಲರ್ ಇಲ್ಲದೆ ಅಲ್ಲಿ ಮೂರು ರಾತ್ರಿ ಮಲಗಿ ನೋಡು. ನೆನಪು ಪ್ರತಿ ಸಲ ತೆಗೆದಾಗಲೂ ಸ್ವಲ್ಪ ಹೊಸದಾಗಿ ಕಟ್ಟಿಕೊಳ್ಳುತ್ತದೆ, ಕಹಿಯ ಮೊನೆ ಸಿಹಿಗಿಂತ ಬೇಗ ಮೊಂಡಾಗುತ್ತದೆ. ಆ ಮನೆಯಲ್ಲಿ ಹೆಂಗಸರು ಎಲ್ಲರ ಊಟ ಆದಮೇಲೆ ಉಳಿದದ್ದು ಉಂಡರು, ನಸುಕಿನಲ್ಲಿ ಎದ್ದು ನೀರು ಹೊತ್ತರು. ಕೆಲವರಿಗೆ ಊರ ಬಾವಿಯ ಹಗ್ಗ ಮುಟ್ಟುವ ಹಕ್ಕೂ ಇರಲಿಲ್ಲ. ಮಕ್ಕಳಿಗೆ ಊರಿನ ಮಾತು ಹೇಳುವಾಗ ಇದನ್ನೂ ಹೇಳು.

ಒಂದು ಎಚ್ಚರ. ನಿಮ್ಮಪ್ಪ ನೆನೆದು ಅತ್ತು ಆಮೇಲೆ ಹಗುರಾಗಿ ಊಟ ಮಾಡಿದರೆ ಚಿಂತೆ ಇಲ್ಲ. ಎರಡು ವಾರ ಒಂದೇ ಸಮ ಮಂಕಾಗಿದ್ದು, ನಿದ್ದೆ ಕೆಟ್ಟು, ಊಟ ಸೇರದೆ, ಇದ್ದೇನು ಪ್ರಯೋಜನ ಎನ್ನತೊಡಗಿದರೆ ಅದು ಖಿನ್ನತೆ. ತಡ ಮಾಡದೆ ವೈದ್ಯರಿಗೆ ತೋರಿಸು. ಹಳೆಯದು ಅಚ್ಚುಕಟ್ಟಾಗಿ ನೆನಪಿದ್ದು, ಬೆಳಿಗ್ಗೆ ಉಂಡದ್ದು ಮರೆತರೆ, ಗೊತ್ತಿದ್ದ ಓಣಿಯಲ್ಲಿ ದಾರಿ ತಪ್ಪಿದರೆ, ಮನೆಯಲ್ಲೇ ಕೂತು 'ಮನೆಗೆ ಹೋಗೋಣ' ಎಂದರೆ ವಯಸ್ಸಿನ ಮರೆವು ಎಂದು ಬಿಡಬೇಡ. ಬಿ12, ಥೈರಾಯ್ಡ್ ರಕ್ತಪರೀಕ್ಷೆಯನ್ನೂ ಕೇಳು. ಅವುಗಳ ಕೊರತೆಯಿಂದಲೂ ಮರೆವು ಬರುತ್ತದೆ, ಅದಕ್ಕೆ ಔಷಧಿ ಇದೆ.

ಹೋಳಿ ಆದಮೇಲೆ ಶರಣಬಸವೇಶ್ವರರ ತೇರಿಗೆ ಅವರನ್ನು ಕರೆದುಕೊಂಡು ಬಾ. ಹೊಸ ಜೋಳ ಅಷ್ಟೊತ್ತಿಗೆ ಪೇಟೆಗೆ ಬಂದಿರುತ್ತದೆ, ಒಂದು ಚೀಲ ಹಸನು ಮಾಡಿಸಿ ಇಟ್ಟಿರುತ್ತೇನೆ. ಟ್ರಂಕು ಕೆಳಗಿಳಿಸಿದ್ದೇನೆ, ಆಲ್ಬಂ ತೆಗೆದಿಲ್ಲ. ಬರುವಾಗ ಆ ತೆಳು ದಾರ, ಎರಡು 2ಬಿ ಪೆನ್ಸಿಲ್ ಮರೆಯದೆ ತಾ.

ಇತಿ ನಿನ್ನ,
ಸೋದರತ್ತಿ