ಬೋರ್ಡ್ ಬಾಡಿಗೆಗೆ ಕೊಟ್ರೆ ಸಾಕಾ?

ಸಂಪಾದಕರೇ,

ಮಂಗಳೂರು ಹತ್ತಿರದ ಸಸಿಹಿತ್ಲು ಬೀಚಲ್ಲಿ ಸರ್ಫಿಂಗ್ ಬೋರ್ಡ್ ಬಡಿದು ಬೆಂಗಳೂರಿನ ಹುಡುಗಿಗೆ ಸಣ್ಣ ಗಾಯ ಅಂತ ಮಂಗಳವಾರ ನಾಲ್ಕು ಸಾಲು ಹಾಕಿದ್ರಲ್ಲ, ಆ ಹುಡುಗಿ ನನ್ನ ಮಗಳು. ಸಣ್ಣ ಗಾಯ ಅಲ್ಲ ಸ್ವಾಮಿ, ಹುಬ್ಬಿನ ಮೇಲೆ ನಾಲ್ಕು ಹೊಲಿಗೆ ಬಿದ್ದಿದೆ, ಅರ್ಧ ಇಂಚು ಕೆಳಗಾಗಿದ್ರೆ ಕಣ್ಣೇ ಹೋಗ್ತಿತ್ತು.

ಬೋರ್ಡಿಂದ ಗಾಯ ಮಾಡ್ದೋನೂ ನಮ್ಮೂರೋನೇ. ಅಲೆ ಎಲ್ಲಿಂದ ಒಡೆಯೋಕೆ ಶುರುವಾಗುತ್ತೋ ಅದಕ್ಕೆ ಹತ್ತಿರ ಇದ್ದೋರದ್ದು ಆ ಅಲೆ, ಒಂದು ಅಲೆಗೆ ಒಬ್ರೇ, ಸರ್ಫಿಂಗಲ್ಲಿ ಮೊದಲು ಹೇಳ್ಕೊಡೋದೇ ಇದನ್ನ. ಮಗಳು ಆಗ್ಲೇ ಎದ್ದು ನಿಂತು ಬರ್ತಿದ್ಲು, ಇವನು ದರ್ಶಿನಿ ಕೌಂಟರಲ್ಲಿ ಹಿಂದಿಂದ ಕೈ ತೂರಿಸ್ತಾರಲ್ಲ ಹಾಗೆ ಅವಳ ಮುಂದಕ್ಕೇ ನುಗ್ಗಿದ, ಬ್ಯಾಲೆನ್ಸ್ ತಪ್ತು, ಬೋರ್ಡ್ ಬಿಟ್ಟು ನೀರಿಗೆ ಹಾರಿದ. ಹಿಂದೆ ಯಾರಾದ್ರೂ ಇದ್ದಾರಾ ಅಂತ ಒಂದ್ಸಲ ನೋಡ್ಬಾರ್ದಾ? ಅವನ ಕಾಲಿಗೂ ಬೋರ್ಡಿಗೂ ಕಟ್ಟೋ ಹಗ್ಗ, ಲೀಶ್ ಅಂತಾರೆ, ಅದರ ವೆಲ್ಕ್ರೋ ಪಟ್ಟಿ ಸವೆದು ನೂಲು ನೂಲಾಗಿತ್ತು, ಆಮೇಲೆ ನಾನೇ ಕೈಯಲ್ಲಿ ಹಿಡಿದು ನೋಡ್ದೆ, ಎಳೆದ ತಕ್ಷಣ ಬಿಚ್ಕೊಳ್ತು. ಕಲಿಯೋರಿಗೆ ಮೆತ್ತನೆ ಫೋಮ್ ಬೋರ್ಡ್ ಕೊಡೋದು ಬಿಟ್ಟು ಗಟ್ಟಿ ಫೈಬರ್ ಬೋರ್ಡ್ ಕೊಟ್ಟಿದ್ದಾರೆ, ಅದರ ಅಡೀಲಿರೋ ರೆಕ್ಕೆ, ಫಿನ್ ಅಂತಾರಲ್ಲ, ಅದೇ ಹುಬ್ಬು ಸೀಳಿದ್ದು. ದುಡ್ಡು ಇಸ್ಕೊಂಡೋರು ದಡದಲ್ಲಿ ಹತ್ತು ನಿಮಿಷ ಎದ್ದು ನಿಲ್ಲೋದು ಮಾತ್ರ ಹೇಳ್ಕೊಟ್ರು, ಬೀಳೋದು ಹೇಗೆ ಅಂತ ಒಂದು ಮಾತಿಲ್ಲ. ತಲೆ ಮುಂದಾಗಿ ಧುಮುಕಬಾರ್ದು, ಚಪ್ಪಟೆಯಾಗಿ ಬೀಳ್ಬೇಕು, ಮೇಲೆ ಬರೋವಾಗ ಎರಡು ಕೈಯಲ್ಲೂ ತಲೆ ಮುಚ್ಕೋಬೇಕು, ಇಷ್ಟು ಹೇಳೋಕೆ ಎಷ್ಟೊತ್ತು ಬೇಕು?

ಒದ್ದೆ ಬಟ್ಟೇಲಿ ರಕ್ತ ಸೋರೋ ಮಗೂನ ಆಟೋದಲ್ಲಿ ಹಾಕ್ಕೊಂಡು ಆಸ್ಪತ್ರೆಗೆ ಓಡಿದ್ದು, ರಾತ್ರಿ ಬಸ್ ತಪ್ಪಿ ಟಿಕೆಟ್ ದುಡ್ಡು ಹೋಗಿದ್ದು, ಬೇರೆ ಬಸ್ ಹಿಡಿದ್ರೆ ಶಿರಾಡಿ ಘಾಟಲ್ಲಿ ಲಾರಿ ಕೆಟ್ಟು ನಿಂತು ಮೂರು ಗಂಟೆ ಜಾಮ್, ಬನಶಂಕರಿ ಮುಟ್ಟಿದಾಗ ಸೋಮವಾರ ಮಧ್ಯಾಹ್ನ, ನನಗೆ ಒಂದು ದಿನದ ಸಂಬಳ ಕಟ್, ಅವಳಿಗೆ ಟೆಸ್ಟ್ ಮಿಸ್. ಯಾರನ್ನ ಕೇಳೋಣ?

ಅಲ್ಲಿ ಶಾಂಭವಿ, ನಂದಿನಿ ಎರಡೂ ಸಮುದ್ರ ಸೇರೋ ಅಳಿವೆ ಇದೆ. ಅಲೆ ಒಡೀದೆ ತಣ್ಣಗೆ ಕಾಣೋ ಕಡೆನೇ ಎಷ್ಟೋ ಸಲ ನೀರು ಒಳಕ್ಕೆ ಎಳೆಯೋದು, ಹೊಸಬರು ಸೇಫ್ ಅಂತ ಅಲ್ಲಿಗೇ ಹೋಗ್ತಾರೆ. ಸಿಕ್ಕಾಕ್ಕೊಂಡ್ರೆ ಸೆಳೆತಕ್ಕೆ ಎದುರು ಈಜಬಾರ್ದು, ದಡದ ಉದ್ದಕ್ಕೆ ಪಕ್ಕಕ್ಕೆ ಹೋಗಿ ಆಚೆ ಬರ್ಬೇಕು, ಬೋರ್ಡ್ ಬಿಡಲೇಬಾರ್ದು. ನಾವು ಹೋದ ಕಡೆ ಇದನ್ನೆಲ್ಲ ಹೇಳೋ ಒಂದು ಬೋರ್ಡೂ ನನಗೆ ಕಾಣಿಸ್ಲಿಲ್ಲ. 2024ರ ಡಿಸೆಂಬರ್‌ನಲ್ಲಿ ಮುರುಡೇಶ್ವರದಲ್ಲಿ ಶಾಲಾ ಪ್ರವಾಸಕ್ಕೆ ಬಂದ ನಾಲ್ಕು ಹೆಣ್ಣುಮಕ್ಕಳು ನೀರುಪಾಲಾದ್ರಲ್ಲ, ಅದಾದ್ಮೇಲೂ ಇವರಿಗೆ ಬುದ್ಧಿ ಬರಲಿಲ್ವಾ? ಬೆಂಗಳೂರಲ್ಲಿ ಮಕ್ಕಳು ಈಜು ಕಲಿಯೋಣ ಅಂದ್ರೆ ನಮ್ಮ ಏರಿಯಾ ಈಜುಕೊಳಕ್ಕೆ ರಿಪೇರಿ ಅಂತ ಬೀಗ ಹಾಕಿ ವರ್ಷಗಳೇ ಆಯ್ತು, ಎರಡು ಸಲ ಅರ್ಜಿ ಕೊಟ್ಟೆ, ಸಾಹೇಬ್ರು ಮೀಟಿಂಗಲ್ಲಿದ್ದಾರೆ ಅನ್ನೋದೇ ಉತ್ತರ.

ಸಂಬಂಧಪಟ್ಟೋರು ಏನಾದ್ರೂ ಮಾಡ್ಲಿ, ಲೈಫ್‌ಗಾರ್ಡ್ ಹಾಕ್ಲಿ, ಈಜುಕೊಳನಾದ್ರೂ ತೆಗೀಲಿ. ಮತ್ತೆ ರೀಲ್ಸ್‌ಗೋಸ್ಕರ ಬೋರ್ಡ್ ಹತ್ತೋರೇ, ಬೇರೆಯವರ ಮಕ್ಕಳೂ ಅದೇ ನೀರಲ್ಲಿ ಇರ್ತಾರೆ, ಕಣ್ಣು ಬಿಟ್ಕೊಂಡು ಇಳೀರಿ!

— ನೊಂದ ತಂದೆ, ಬನಶಂಕರಿ 2ನೇ ಹಂತ, ಬೆಂಗಳೂರು