ಆಷಾಢ ಮುಗಿಯೋದರೊಳಗೆ ಮುಂದಿನ ಸೀಸನ್ನಿನ ಲೆಕ್ಕ ಹಾಕಿಕೊಳ್ಳಿ

ಮದುವೆ ಕಾರ್ಯಕ್ರಮ ವಹಿಸಿಕೊಂಡು ನಡೆಸಿಕೊಡುವ ನಮ್ಮ ಎಲ್ಲ ಸದಸ್ಯರಿಗೂ ನಮಸ್ಕಾರ. ಆಷಾಢದಲ್ಲಿ ಮದುವೆ ಮುಹೂರ್ತ ಇಲ್ಲ, ದರಪಟ್ಟಿ ಕೂತು ತಿದ್ದೋಕೆ ಇದೇ ಸರಿಯಾದ ಸಮಯ.

ಈಗ ಪಾರ್ಟಿಗಳು (ಮದುವೆ ಮನೆಯವರು) ತಡವಾಗಿ ಬುಕ್ ಮಾಡ್ತಾರೆ, ಎಲೆ ಲೆಕ್ಕ, ಅಂದ್ರೆ ಊಟಕ್ಕೆ ಕೂರುವವರ ಸಂಖ್ಯೆ, ಕೊನೇ ವಾರದವರೆಗೂ ಬದಲಾಗುತ್ತೆ. ಕೊಟೇಶನ್ ಮೇಲೆ "15 ದಿನ ಮಾತ್ರ ಮಾನ್ಯ" ಅಂತ ಬರೆಯಿರಿ. ಹೂವಿನ ದರ ಬೇರೆ ಸಾಲಿನಲ್ಲಿರಲಿ; ವರಮಹಾಲಕ್ಷ್ಮಿ ಹಬ್ಬದ ವಾರ ಮಲ್ಲಿಗೆ, ಸೇವಂತಿಗೆ ಏರಿದರೆ ನಿಮ್ಮ ಲಾಭವೇ ಅದರಲ್ಲಿ ಕರಗುತ್ತೆ. ಶೇ 18 ಜಿಎಸ್‌ಟಿ ಸೇರಿದೆಯೋ ಇಲ್ಲವೋ ಸ್ಪಷ್ಟವಾಗಿ ನಮೂದಿಸಿ. ಒಟ್ಟು ಹಣ ಹೀಗೆ ಪಡೆಯಿರಿ: ಬುಕಿಂಗಿಗೆ ಶೇ 30, ಕಾರ್ಯಕ್ರಮಕ್ಕೆ ಹದಿನೈದು ದಿನ ಮುಂಚೆ 50, ಚಪ್ಪರ ಏಳುವ ಮುನ್ನ ಉಳಿದ 20. ಕಾರ್ಯಕ್ರಮ ಮುಗಿದ ಮೇಲೆ ಬಾಕಿ ವಸೂಲಿ ಬಹಳ ಕಷ್ಟ, ದಯವಿಟ್ಟು ಸಡಿಲ ಬಿಡಬೇಡಿ.

ಎಲ್‌ಇಡಿ ವಾಲ್ (ವೇದಿಕೆಯ ದೊಡ್ಡ ವಿಡಿಯೋ ಪರದೆ) ಈಗ ಎಲ್ಲರಿಗೂ ಬೇಕು. ಆದರೆ 62.5 ಕೆವಿಎ (ಜನರೇಟರ್ ಮೇಲೆ ಬರೆದಿರುವ ಸಾಮರ್ಥ್ಯ) ಜನರೇಟರ್ ನಿಜವಾಗಿ ಕೊಡೋದು 50 ಕಿಲೋವ್ಯಾಟ್, ಹೊರೆ 40 ಕಿಲೋವ್ಯಾಟ್‌ಗೆ ನಿಲ್ಲಿಸಿ. ಅಡುಗೆಯವರ ಗ್ರೈಂಡರ್ ಅದೇ ಲೈನಿನಲ್ಲಿದ್ದರೆ ಅದು ಶುರುವಾದ ಕ್ಷಣ ವೋಲ್ಟೇಜ್ ಕುಸಿದು, ಧಾರೆ ಹೊತ್ತಿಗೇ ವಾಲ್ ಕಪ್ಪಾಗಬಹುದು. ವಾಲ್‌ಗೆ, ಸೌಂಡಿಗೆ ಪ್ರತ್ಯೇಕ ಲೈನ್ ಎಳೆಸಿ, ಅರ್ಥಿಂಗ್ ಖುದ್ದಾಗಿ ನೋಡಿ.

ಬಯಲಲ್ಲಿ ರಾತ್ರಿ 10ಕ್ಕೆ ಧ್ವನಿವರ್ಧಕ ನಿಲ್ಲಬೇಕು. ಆರತಕ್ಷತೆ 6.30ಕ್ಕೇ ಇಡಲು ಪಾರ್ಟಿಗೆ ಈಗಲೇ ಹೇಳಿ, ಕಾರ್ಡ್ ಅಚ್ಚಾದ ಮೇಲೆ ಅಲ್ಲ.